ಒದ್ದೆ ಕುರಿಗೆ ನನ್ನ ಓಟು

ಅಪ್ಪಾ,

ನೀನು ಇದನ್ನು ಓದುವುದಿಲ್ಲ ಎಂಬ ಧೈರ್ಯದಿಂದಲೇ ಬರೆಯುತ್ತಿದ್ದೇನೆ. ರಾತ್ರಿ ಮಳೆ ಬಂದಿತ್ತು. ಕುರಿಗಳು ಒದ್ದೆಯೋ ಒಣಗಿವೆಯೋ ಎಂದು ಉಣ್ಣೆ ಕತ್ತರಿಸುವ ನಾವೆಲ್ಲ ಬೆಳಿಗ್ಗೆ ಶೆಡ್ಡಿನಲ್ಲಿ ಓಟು ಹಾಕಿದೆವು. ನನ್ನ ಒಂದು ಓಟಿನಿಂದ ‘ಒದ್ದೆ’ ಗೆದ್ದು ಕೆಲಸ ನಿಂತಿತು.

ಗುತ್ತಿಗೆದಾರ ಕ್ಲೈವ್ ಸಿಡಿದೆದ್ದ. "ಯಾವನೋ ಅವ್ನು, ತಲೆಕೆಟ್ಟೋನು?"

"ನಾನೇ. ಒದ್ದೆ ಉಣ್ಣೆ ತಬ್ಕೊಂಡು ಮೈತುಂಬ ಕುರು ಎಬ್ಬಿಸ್ಕೊಳ್ಳೋಕೆ ನಾನೇನು ನಿಮ್ಮನೆ ನಾಯಾ?"

ಅವನು ಎದುರಿಗೆ ಬಂದು ಹಲ್ಲು ಕಚ್ಚಿಕೊಂಡು, "ನೋಡು, ಮೇಟ್..." ಎಂದ.

ಮೇಟ್! ಗಂಡಸರು ತಮ್ಮತಮ್ಮಲ್ಲೇ ಹಂಚಿಕೊಳ್ಳುವ ‘ಗೆಳೆಯ’ ಎಂಬ ಮಾತು. ಪ್ರಾಣಸ್ನೇಹಿತ ಮರ್ವ್‌ನನ್ನು ನೀನು ಹಾಗೆ ಕರೆಯುತ್ತಿದ್ದೆ. ಹೆಸರು ಮರೆತವರನ್ನೂ, ಒದೆಯುವ ಟಗರನ್ನೂ ಹಾಗೇ ಕರೆಯುತ್ತಿದ್ದೆ. ಯಾರದಾದರೂ ಮೂಗಿಗೆ ಗುದ್ದುವ ಮುಂಚೆ ಹೀಗೇ ಹಲ್ಲು ಕಚ್ಚಿ ಅನ್ನುತ್ತಿದ್ದೆ. ನನಗೆ ಮಾತ್ರ, "ಪುಟ್ಟೀ, ಹೋಗಿ ಚಹಾ ಕಾಸು."

ನಾನು ಹಿಂದೆ ಸರಿಯಲಿಲ್ಲ. "ಹೇಳು, ಮೇಟ್" ಎಂದೆ. ಕ್ಲೈವ್‌ನೇ ಬಾಗಿಲು ಬಡಿದು ಹೊರಗೆ ಹೋದ.

ಆಮೇಲೆ ಇದೇ ಶೆಡ್ಡಿನಲ್ಲಿ ಉಣ್ಣೆ ಕತ್ತರಿಸಿ ದಣಿದು ನೀನು ಕೂರುತ್ತಿದ್ದ ಜಾಗದಲ್ಲಿ ಕಾಲು ಚಾಚಿ ಕೂತೆ. ಮರ್ವ್ ಚಹಾ ಕಾಸಿ ತಂದುಕೊಟ್ಟ. ಸಕ್ಕರೆ ವಿಪರೀತ ಹಾಕಿದ್ದ, ಆದರೂ ಒಂದು ತೊಟ್ಟೂ ಬಿಡಲಿಲ್ಲ.