ನಾಲ್ಕು ಎಣಿಕೆ ಮೊದಲು

ಮಾರ್ಚ್ ೩, ಮಂಗಳವಾರ

ನನ್ನ ಮುದ್ದು ಕತ್ತರಿಬಾಯಿಗೆ,

ಫೋನು ಮಾಡಬಹುದಿತ್ತು. ಆದರೆ ನೀನು ನಡುನಡುವೆ ಬಾಯಿ ಹಾಕುತ್ತೀಯ. ಮೇಲಾಗಿ, ನಿನ್ನ ಹೊಸ ಮನೆಯ ವೈರಿಂಗ್ ಮಾಡಿಕೊಡಲು ಬಂದಿರುವ ನಿನ್ನ ಅಪ್ಪ ಪಕ್ಕದಲ್ಲೇ ಏಣಿಯ ಮೇಲೆ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿರುತ್ತಾರೆ. ಈ ಕಾಗದ ಅವರ ಕಣ್ಣಿಗೆ ಬೀಳಕೂಡದು. ನನ್ನಾಣೆ.

ನೀನು ಕಳಿಸಿದ ಅಂಕಣ ತಲುಪಿತು. ಹಳೆಯ ರಾಕ್, ಸೋಲ್ ಸಂಗೀತದ ಆಲ್ಬಮ್‌ಗಳಿಗೆ ಇಪ್ಪತ್ತು ವರ್ಷ ತುಂಬಿತು, ಐವತ್ತು ತುಂಬಿತು ಎಂದು ಮತ್ತೆ ಕೇಳಿ ಬರೆಯುವುದು ನಿನ್ನ ಕಸುಬು. ಅಚ್ಚಿಗೆ ಹೋಗುವ ಮುನ್ನ ಓದಿ ಹುಳುಕು ತೆಗೆಯುವುದು ನನ್ನದು. ಈ ವಾರ ಆ ನೀಲಿ ಹೊದಿಕೆಯ ಸೋಲ್ ಆಲ್ಬಮ್ಮಿಗೆ ನಲವತ್ತು. ಕಂಪನಿಯವರು ಅದನ್ನು ಕಂಪ್ಯೂಟರಿನಲ್ಲಿ ಉಜ್ಜಿ ತೊಳೆದು ಹೊಸದಾಗಿ ತಂದಿದ್ದಾರೆ. ಮೂರನೆಯ ಹಾಡಿನಲ್ಲಿ ಹಿನ್ನೆಲೆಯ ನಾಲ್ಕು ಹೆಂಗಸರ ಪೈಕಿ ಒಬ್ಬಳು ತಾಳದ ನಾಲ್ಕು ಎಣಿಕೆ ಮೊದಲೇ ‘ಊ’ ಎಂದು ನುಗ್ಗುತ್ತಾಳಲ್ಲ, ಆ ದನಿಯನ್ನು ಅಳಿಸಿದ್ದಾರೆ. ‘ಕೊನೆಗೂ ಪೀಡೆ ತೊಲಗಿತು’ ಎಂದು ನೀನು ಚಪ್ಪಾಳೆ ತಟ್ಟಿದ್ದೀಯ. ಆಲ್ಬಮ್ಮಿಗೆ ಮೂವತ್ತು ತುಂಬಿದಾಗ ‘ಯಾರೋ ಮಹಾತಾಯಿಗೆ ಬಸ್ಸು ತಪ್ಪುವ ಅವಸರ’ ಎಂದು ನೀನೇ ಬರೆದಿದ್ದೆ. ಆಗ ನಾನೂ ನಕ್ಕಿದ್ದೆ. ಈ ಸಲ ನಗು ಬರಲಿಲ್ಲ.

ಆ ಮಹಾತಾಯಿ ನಾನೇ ಕಣೇ.

ಮದುವೆಗೆ ಮೊದಲು ಟೈಪಿಸ್ಟ್ ಆಗಿದ್ದೆ ಎಂದು ಹೇಳಿದ್ದು ಹಸಿ ಸುಳ್ಳು. ನನಗೆ ಟೈಪ್ ಮಾಡಲು ಇವತ್ತಿಗೂ ಒಂದೇ ಬೆರಳು. ಎರಡು ವರ್ಷ ಹಿನ್ನೆಲೆಯಲ್ಲಿ ಊ, ಆ ಎಂದು ಹಾಡಿ ಹೊಟ್ಟೆ ಹೊರೆದವಳು ನಾನು. ಊರವರೆಲ್ಲರ ಹಾಡಿನಲ್ಲಿ ಕಲ್ಲು ಆರಿಸುವ ನಿನ್ನ ಕಿವಿಗೆ ಅಮ್ಮನ ದನಿ ಗುರುತು ಹತ್ತಲಿಲ್ಲವಲ್ಲ, ಅದಕ್ಕೇನು ಹೇಳುತ್ತೀ?

ಆ ಕಾಲದಲ್ಲಿ ಎಲ್ಲರೂ ಒಂದೇ ಕೋಣೆಯಲ್ಲಿ ನಿಂತು ಒಂದೇ ಉಸಿರಿಗೆ ಹಾಡುವುದು. ವಾದ್ಯತಂಡದ ನಾಯಕ ತಲೆಯಾಡಿಸಿದರೆ ನಾವು ನಾಲ್ವರೂ ಶುರು ಮಾಡಬೇಕು. ಅವತ್ತು ಫೋಟೋದವರು ಬರುತ್ತಾರೆಂದು ನಾನು ಕನ್ನಡಕ ತೆಗೆದು ಚೀಲದೊಳಗೆ ತುರುಕಿದ್ದೆ. ಎದುರಿನ ಗಾಜಿನ ಹತ್ತಿರ ಮಸುಕಾಗಿ ಒಂದು ತಲೆ ಆಡಿತು. ನಾಯಕನೇ ಎಂದುಕೊಂಡು ನಾನು ನುಗ್ಗಿಬಿಟ್ಟೆ. ಮುಖ್ಯ ಗಾಯಕ ಅಷ್ಟು ಚೆನ್ನಾಗಿ ಎಂದೂ ಹಾಡಿರಲಿಲ್ಲ; ‘ಇದು ಇನ್ನೊಂದ್ಸಲ ಬರಲ್ಲ, ಹೀಗೇ ಇರ್ಲಿ ಬಿಡಿ’ ಅಂದ. ಹಾಗೇ ಉಳಿಯಿತು. ನಾನು ಮಾತ್ರ ಉಳಿಯಲಿಲ್ಲ. ಮತ್ತೆ ಯಾರೂ ಕರೆಯಲಿಲ್ಲ. ನಾಚಿಕೆಯಿಂದ ನಿನಗೆ ಹೇಳಲಿಲ್ಲ, ಹೇಳಬೇಡಿ ಎಂದು ನಿನ್ನ ಅಪ್ಪನಿಗೂ ತಾಕೀತು ಮಾಡಿದ್ದೆ. ನಾನು ಹಾಡುತ್ತಿದ್ದುದು ಅವರಿಗೆ ಗೊತ್ತು, ತಪ್ಪಿದ್ದು ಗೊತ್ತಿಲ್ಲ. ಅವರ ಪಾಲಿಗೆ ಸಂಗೀತವೆಂದರೆ ಫ್ಯಾನು ಸದ್ದಿಲ್ಲದೆ ತಿರುಗುವುದು.

ನಿನ್ನೆ ರೆಕಾರ್ಡ್ ಅಂಗಡಿಗೆ ಹೋಗಿ ಹೆಡ್‌ಫೋನ್ ಸಿಕ್ಕಿಸಿಕೊಂಡು ಹೊಸದನ್ನು ಕೇಳಿದೆ. ಆ ಜಾಗ ಬಂತು. ನಾನಿರಲಿಲ್ಲ. ಉಳಿದೆಲ್ಲ ಕಡೆ ನಾಲ್ವರ ದನಿಯಲ್ಲಿ ಬೆರೆತುಹೋಗಿದ್ದೇನೆ. ಒಬ್ಬಳೇ ಹಾಡಿದ್ದು ಅಂತ ಈ ಲೋಕದಲ್ಲಿ ಇದ್ದದ್ದು ಆ ನಾಲ್ಕು ಎಣಿಕೆ ಮಾತ್ರ, ತಪ್ಪಾದರೂ ನನ್ನದು. ಅಂಗಡಿಯಾಕೆ ‘ಹೇಗಿದೆ ಮೇಡಂ, ಕ್ಲೀನಾಗಿದೆ ಅಲ್ವಾ?’ ಎಂದಳು. ಹೂಂ ಎಂದು ಹೊರಗೆ ಬಂದು, ಬಸ್‌ಸ್ಟಾಪಿನಲ್ಲಿ ಕೂತು ಅತ್ತೆ.

ಶುಕ್ರವಾರ ಅಂಕಣ ಅಚ್ಚಿಗೆ ಹೋಗುವ ಮುನ್ನ ಆ ‘ಪೀಡೆ’ಯ ಸಾಲನ್ನು ಹೊಡೆದುಹಾಕು. ಭಾನುವಾರ ನೀನು ನಡೆಸುವ ಹಾಡು ಆಲಿಸುವ ಕೂಟದಲ್ಲಿ ಹಳೆಯ ರೆಕಾರ್ಡನ್ನೇ ಹಾಕು. ಬೇರೇನೂ ಬೇಡ.

ಟೈಪಿಸ್ಟ್ ಅಲ್ಲದ ನಿನ್ನ
ಅಮ್ಮ

ಮರೆತಿದ್ದೆ: ಆ ತಲೆ ಯಾರದೆಂದು ಹೇಳಲಿಲ್ಲ. (ಮರೆತಿರಲಿಲ್ಲ, ಧೈರ್ಯ ಸಾಲಲಿಲ್ಲ.) ಬಾಗಿಲ ಮೇಲಿನ ‘ರೆಕಾರ್ಡಿಂಗ್’ ಕೆಂಪು ದೀಪ ಕೆಟ್ಟಿತ್ತೆಂದು ಗಾಜಿನಾಚೆ ಒಬ್ಬ ಎಲೆಕ್ಟ್ರಿಷಿಯನ್ ಬಂದಿದ್ದ. ದೀಪ ಹತ್ತಿತು ಎಂದು ಯಾರಿಗೋ ತಲೆಯಾಡಿಸಿರಬೇಕು. ಆಮೇಲೆ ಮೆಟ್ಟಿಲ ಮೇಲೆ ಅಳುತ್ತ ಕೂತಿದ್ದ ನನಗೆ ನೀರು ತಂದುಕೊಟ್ಟವನೂ ಅವನೇ. ಅವನನ್ನೇ ಮದುವೆಯಾದೆ. ನನ್ನ ಹಾಡು ನಿಲ್ಲಲು ತಾನೇ ಕಾರಣ ಎಂದು ಅವರಿಗೆ ಗೊತ್ತಾದರೆ ಊಟ ಬಿಡುತ್ತಾರೆ.

*

ಮಾರ್ಚ್ ೯, ಸೋಮವಾರ

ಅವಸರದ ಅಮ್ಮನಿಗೆ,

ಮೊದಲು ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಂಡೆ, ಆಮೇಲೆ ಹಳೆಯ ರೆಕಾರ್ಡ್ ಹಾಕಿದೆ. ಹದಿನೇಳು ಸಲ ಆ ‘ಊ’ ಕೇಳಿದೆ. ಸ್ನಾನದ ಮನೆಯ ಬಾಗಿಲು ತಟ್ಟಿದರೆ ನೀನು ಒಳಗಿಂದ ಓಗೊಡುವ ದನಿ ಅದು. ನನ್ನ ಕಿವಿಗೆ ಸಂಬಳ ಕೊಡುವವರನ್ನು ನೆನೆದು ನಾಚಿಕೆಯಾಯಿತು.

ಒಂದು ಸಾಲನ್ನಲ್ಲ, ಇಡೀ ಅಂಕಣವನ್ನೇ ಹರಿದು ಹೊಸದು ಬರೆದೆ. ತೊಳೆಯುವ ಭರದಲ್ಲಿ ಮನುಷ್ಯರನ್ನೇ ಚರಂಡಿಗೆ ಚೆಲ್ಲಿದ್ದೀರಿ ಎಂದು ಕಂಪನಿಯವರಿಗೆ ಬಿಸಿ ಮುಟ್ಟಿಸಿದ್ದೇನೆ. ಹೊಸ ಆವೃತ್ತಿಯನ್ನು ಅವರು ತಿದ್ದುತ್ತಾರೋ ಇಲ್ಲವೋ ಗೊತ್ತಿಲ್ಲ. ಮಹಾತಾಯಿಯ ಕ್ಷಮೆ ಕೇಳಿದ್ದೇನೆ, ಹೆಸರು ಹಾಕಿಲ್ಲ.

ಈಗ ಭಾನುವಾರದ್ದು ಕೇಳು. ಗ್ರಂಥಾಲಯದ ಮಹಡಿಯಲ್ಲಿ ಐವತ್ತು ಕುರ್ಚಿ ಹಾಕಿಸಿದ್ದೆ, ಜನ ನೆಲದ ಮೇಲೂ ಕೂತರು. ಮೂರನೆಯ ಹಾಡು ಬಂತು. ಆ ಜಾಗ ಹತ್ತಿರವಾದಂತೆ ಒಬ್ಬೊಬ್ಬರೂ ಮುಗುಳ್ನಗುತ್ತ ಬೆನ್ನು ನೆಟ್ಟಗೆ ಮಾಡಿಕೊಂಡರು. ನಿನ್ನ ದನಿ ಬಂದದ್ದೇ ತಡ, ಇಡೀ ಕೋಣೆ ನಿನ್ನ ಜೊತೆ ನಾಲ್ಕು ಎಣಿಕೆ ಮೊದಲೇ ‘ಊ’ ಎಂದಿತು! ಅಮ್ಮಾ, ಆ ಹಾಡನ್ನು ಪ್ರೀತಿಸುವವರಿಗೆ ಅದು ಹಾಗೆಯೇ ಬರುತ್ತದೆ. ಮುಂದಿನ ಸಾಲಿನ ದಂತವೈದ್ಯರೊಬ್ಬರು ಹೇಳಿದರು: ‘ಅವಳು ಬರೋದನ್ನ ಕಾಯ್ಕೊಂಡೇ ನಾನು ಇಷ್ಟು ವರ್ಷ ಈ ಹಾಡು ಕೇಳಿದ್ದು.’ ಆಕೆ ನನ್ನ ಅಮ್ಮ ಎಂದು ಕಿರುಚಬೇಕೆನಿಸಿತು.

ಹಾಡುತ್ತ ಬದುಕಬೇಕಾದವಳು ನೀನು. ಗೊತ್ತಿಲ್ಲದೆ ನಿನ್ನನ್ನು ಲೇವಡಿ ಮಾಡಿದ್ದಕ್ಕೆ ನನಗೆ ನಿಜವಾಗಿಯೂ ದುಃಖವಾಗಿದೆ.

ತಡವಾಗಿ ಕಿವಿ ತೆರೆದ ನಿನ್ನ
ಕತ್ತರಿಬಾಯಿ

ತಪ್ಪಾಯಿತು ಅಮ್ಮ: ಆಣೆ ಮುರಿದೆ. ಹದಿನೇಳು ಸಲ ಒಂದೇ ಸದ್ದು ಕೇಳಿದರೆ ಏಣಿಯ ಮೇಲಿದ್ದ ಅಪ್ಪ ಸುಮ್ಮನಿರುತ್ತಾರೆಯೇ? ಕಾಗದ ಕಸಿದುಕೊಂಡು ಓದಿದರು. ಊಟ ಬಿಡಲಿಲ್ಲ, ಕಿವಿಯೆಲ್ಲ ಕೆಂಪಾಯಿತು ಅಷ್ಟೆ. ಕೆಂಪು ದೀಪ ಅರ್ಧ ಗಂಟೆ ಮೊದಲೇ ಸರಿಹೋಗಿತ್ತಂತೆ. ಒಂದೇ ಸ್ಕ್ರೂವನ್ನು ಬಿಚ್ಚುತ್ತ, ಬಿಗಿಯುತ್ತ ನಿಂತಿದ್ದರಂತೆ. ‘ಅವಳು ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡ್ತಿದ್ಲು. ಎಷ್ಟೊತ್ತು ಅಂತ ಸುಮ್ನಿರ್ಲಿ? ತಲೆಯಾಡಿಸ್ದೆ. ತಕ್ಷಣ ಹಾಡಿಬಿಟ್ಲು! ನನಗೇ ಹಾಡಿದ್ಲು ಅಂತ ನಲವತ್ತು ವರ್ಷದಿಂದ ಅಂದ್ಕೊಂಡಿದೀನಿ’ ಅಂದರು. ನನ್ನ ಅಡುಗೆಮನೆಯ ವೈರುಗಳನ್ನು ಗೋಡೆಯಿಂದ ನೇತಾಡಲು ಬಿಟ್ಟು, ಬೆಳಗ್ಗೆ ಎರಡು ಸಲ ಗಡ್ಡ ಬೋಳಿಸಿಕೊಂಡು ಹೊರಟಿದ್ದಾರೆ. ಈ ಕಾಗದ ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಓದಿ ಮುಗಿಸುವವರೆಗೆ ಅವರನ್ನು ಬಾಗಿಲಲ್ಲೇ ನಿಲ್ಲಿಸಬೇಡ.