ಮತ್ತು ಸಂಗಡಿಗರು

ಜೂನ್ ೩, ಸೋಮವಾರ

ಇಪ್ಪತ್ತೆರಡು ರೆಕಾರ್ಡ್ ಒರೆಸಿ, ಕೇಳಿ, ಕಂಪ್ಯೂಟರಿಗೆ ಹಾಕಿದ್ದಾಯಿತು. ರೇಡಿಯೋ ಲೈಬ್ರರಿಯ ಧೂಳಿಗೆ ಮೂಗು ಕಟ್ಟಿದೆ. ನಿವೃತ್ತಿಗೆ ಎರಡು ವರ್ಷ. ಅಷ್ಟರೊಳಗೆ ಕಪಾಟುಗಳು ಮುಗಿದರೆ ನನ್ನ ಪುಣ್ಯ.

ಮುಂದಿನ ಕಪಾಟುಗಳಿಂದಲೂ ಅಲ್ಲೊಂದು ಇಲ್ಲೊಂದು ಹಾಕಿ ಕೇಳಿದಾಗ ಒಂದು ತಮಾಷೆ ಗಮನಿಸಿದೆ. ಮೊದಲ ಕಪಾಟಿನ ಹಳೆಯ ಹಾಡುಗಳಲ್ಲಿ ಹೆಂಗಸರೆಲ್ಲ ಬಾಗಿಲಲ್ಲಿ ನಿಂತು ಅವನಿಗಾಗಿ ಕಾಯುತ್ತಾರೆ. ಎರಡನೆಯದರಲ್ಲಿ ಬಸ್ ಸ್ಟಾಪಿಗೆ ಬಂದಿದ್ದಾರೆ — ಮೊದಲು ಕೈಯಲ್ಲಿ ಪುಸ್ತಕ, ಆಮೇಲೆ ಆಫೀಸಿನ ಬ್ಯಾಗು. ಮೂರನೆಯದರಲ್ಲಿ ಕಾಯುವವನು ಅವನೇ.

ಅಕ್ಕನಿಗೆ ಹೇಳಿದೆ. "ಕಾಯ್ಲಿ ಬಿಡು. ಕಾಲು ನೋಯೋದು ಅವನಿಗೂ ಗೊತ್ತಾಗ್ಲಿ" ಅಂದಳು.

ಜೂನ್ ೫, ಬುಧವಾರ, ಸಂಜೆ

ಎರಡನೇ ಕಪಾಟಿನ ಮೊದಲ ಸಾಲು. ನಾಯಕಿ ಎಂದಿನಂತೆ ಕಾಯುವೆ ಕಾಯುವೆ ಅನ್ನುತ್ತಿದ್ದಳು. ನಡುವೆ ಗೆಳತಿಯ ದನಿ, ಎರಡೇ ಸಾಲು: ಕಾಯುವುದೇಕೆ, ನೀನೇ ನಡೆ...

ಕೈ ನಿಂತಿತು. ಅದು ಅಕ್ಕ. ಹತ್ತೊಂಬತ್ತು ವರ್ಷದ ಅಕ್ಕ.

ಲೇಬಲ್ ಮೇಲೆ ದೊಡ್ಡ ಗಾಯಕಿಯ ಹೆಸರು. ಕೆಳಗೆ ಸಣ್ಣಕ್ಷರದಲ್ಲಿ 'ಮತ್ತು ಸಂಗಡಿಗರು'.

ಮನೆಗೆ ಬಂದು ಕೇಳಿದೆ. ಬಟ್ಟೆ ಮಡಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಅಂಥ ದನಿ ಓಣಿಗೆ ಹತ್ತು ಇರುತ್ತೆ" ಅಂದಳು. ಅದೇ ಟವೆಲನ್ನು ಎರಡು ಸಲ ಮಡಿಸಿದಳು.

ಜೂನ್ ೬

ಕೆಲಸದಲ್ಲಿ ಮನಸ್ಸಿಲ್ಲ. ಆಗ ಅಕ್ಕ ಟೈಪಿಂಗ್ ಕ್ಲಾಸ್ ಎಂದು ಸುಳ್ಳು ಹೇಳಿ ಹಾಡಲು ಹೋಗುತ್ತಿದ್ದಳು. ಹನ್ನೊಂದು ವರ್ಷದ ನಾನು, ಊಟದ ಹೊತ್ತಿನಲ್ಲಿ, ಅಪ್ಪನ ಎದುರು — "ರೇಡಿಯೋದಲ್ಲಿ ನಮ್ಮಕ್ಕ!" ಅಪ್ಪ ಬಯ್ಯಲಿಲ್ಲ. ಊಟ ಬಿಟ್ಟು ಎದ್ದರು. ಅಷ್ಟೇ ಸಾಕಾಯಿತು. ಆಮೇಲೆ ಅವಳು ಟೆಲಿಫೋನ್ ಆಪರೇಟರ್. ಊರಿಗೆಲ್ಲ ಪರಿಚಯದ ದನಿ, ಹೆಸರು ಯಾರಿಗೂ ಗೊತ್ತಿಲ್ಲ. ಮೂವತ್ತು ವರ್ಷ.

ಹೇಳಬೇಕು. ಹೇಗೆ...

ಜೂನ್ ೧೫, ಶನಿವಾರ

ಹೇಳಿದೆ. ಒಂಬತ್ತು ದಿನ ಬೇಕಾಯಿತು. ಅವಳ ತಲೆಗೆ ಎಣ್ಣೆ ಹಚ್ಚುವಾಗ, ಮುಖ ಕಾಣದಂತೆ ಹಿಂದೆ ಕೂತು. "ನನ್ನಿಂದಲೇ ನಿನ್ನ ಹಾಡು ನಿಂತಿತು ಅಕ್ಕ."

"ಗೊತ್ತು ಕಣೆ. ನೀನು ಚಾಡಿ ಹೇಳ್ಲಿಲ್ಲ, ಹೆಮ್ಮೆಪಟ್ಟೆ. ಆ ಮನೇಲಿ ಹೆಮ್ಮೆಪಟ್ಟಿದ್ದು ನೀನೊಬ್ಬಳೇ." ಎಣ್ಣೆ ಬಟ್ಟಲನ್ನು ನನ್ನ ಕಡೆ ಸರಿಸಿ, "ನಂಗೆ ಬೇಜಾರಾಗಿದ್ದು ಬೇರೆ. ಅವತ್ತಿಂದ ನೀನೂ ಹಾಡೋದು ಬಿಟ್ಟೆಯಲ್ಲ."

ನಾನು ಇನ್ನಷ್ಟು ಎಣ್ಣೆ ಸುರಿದೆ. "ಎಣ್ಣೆ ಕಿವಿಗಿಳೀತಿದೆ ನೋಡು" ಅಂದಳು.

ಜೂನ್ ೧೯, ಬುಧವಾರ

ಅಕ್ಕ ಲೈಬ್ರರಿಗೆ ಬಂದಳು. ಇಸ್ತ್ರಿ ಮಾಡಿದ ಸೀರೆ. ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಮೂರು ಸಲ ಕೇಳಿದಳು. "ಉಸಿರು ತಪ್ಪು ಜಾಗದಲ್ಲಿ ತಗೊಂಡಿದೀನಿ" — ಅಷ್ಟೇ ಅಂದದ್ದು.

ನಮ್ಮ ಕಾರ್ಯಕ್ರಮ ಅಧಿಕಾರಿ ಚಿಕ್ಕ ವಯಸ್ಸಿನ ಹುಡುಗಿ. ಒಳ್ಳೆಯವಳೇ, ಆದರೆ ನಿಯಮ ನಿಯಮವೇ. "ಮೇಡಂ, ಕ್ಯಾಟಲಾಗಿಗೆ ಹೆಸರು ಸೇರಿಸ್ಬೇಕು ಅಂದ್ರೆ ಏನಾದ್ರೂ ದಾಖಲೆ ಬೇಕು."

ಅಕ್ಕ ಹೆಡ್‌ಫೋನ್ ತೆಗೆದಿಟ್ಟಳು. ಕೂತಲ್ಲೇ ಆ ಎರಡು ಸಾಲು ಹಾಡಿದಳು. ಶ್ರುತಿ ಎಷ್ಟೋ ಕೆಳಗೆ, ದನಿ ಒಡೆದಿದೆ. ಆದರೆ 'ನಡೆ' ಎಂಬಲ್ಲಿ ಅದೇ ಸಣ್ಣ ತಿರುವು.

ಹುಡುಗಿ ರೆಕಾರ್ಡ್ ಇನ್ನೊಮ್ಮೆ ಹಾಕಿ ಕೇಳಿದಳು. ಆಮೇಲೆ ಕೀಬೋರ್ಡ್ ಎಳೆದುಕೊಂಡಳು. "ಪೂರ್ತಿ ಹೆಸರು ಹೇಳಿ ಅಮ್ಮ."

ಅಕ್ಕ ಹೇಳಿದಳು. ಮತ್ತೆ, "ಅಪ್ಪನ ಇನಿಷಿಯಲ್ಲೂ ಹಾಕಮ್ಮ. ಅವರೂ ಬರ್ಲಿ."

ನಾನು ಕಪಾಟಿನ ಹಿಂದೆ ಹೋಗಿ ಮೂಗು ಒರೆಸಿಕೊಂಡೆ. ಧೂಳು ಅಂದುಕೊಂಡಿರುತ್ತಾರೆ.

ಜೂನ್ ೨೩, ಭಾನುವಾರ, ಬೆಳಿಗ್ಗೆ

ಪಕ್ಕದ ಮನೆ ಕಾಲೇಜು ಹುಡುಗಿಯ ಮೊಬೈಲಿನಿಂದ ಅಕ್ಕ ಹೊಸ ಹಾಡೊಂದು ಕಲಿತಿದ್ದಾಳೆ. ಅರ್ಧ ಮಾತು, ಅರ್ಧ ಹಾಡು. ನಾಯಕಿ ಸ್ವಂತ ಬಾಡಿಗೆ ಮನೆ ಹುಡುಕುತ್ತಾಳೆ. "ಬಾಗಿಲೂ ಇವಳದ್ದೇ ಕಣೆ" ಎಂದು ಅಕ್ಕನಿಗೆ ಭಾರಿ ಖುಷಿ. ತಾಳ ಮಾತ್ರ ಪ್ರತಿ ಸಲ ತಪ್ಪುತ್ತಾಳೆ.

ಎರಡನೇ ದನಿ ಬೇಕಂತೆ. ನನಗೆ ಬರಲ್ಲ ಅಂದೆ. ನಲವತ್ತೇಳು ವರ್ಷ ಆಯಿತು, ಗಂಟಲು ಎಲ್ಲಿದೆ ಅಂದೆ. "ಕುತ್ತಿಗೇಲೇ ಇರುತ್ತೆ, ಬಾ" ಅನ್ನುತ್ತಿದ್ದಾಳೆ. ಅಡುಗೆಮನೆಯಿಂದ ಶ್ರುತಿ ಹಿಡಿದು ನಿಂತಿದ್ದಾಳೆ, ಬಿಡುತ್ತಲೇ ಇಲ್ಲ, ಉಸಿರು ಎಷ್ಟು ಹೊತ್ತು ತಡೆದೀತು, ನಾನು ಹೋಗಿ —