ಕೂತು ತಿನ್ನುವ ಊಟ

ಅಮ್ಮಾ,

ನೀನು ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ಬರುವಾಗ ನಾನು ಮಲಗಿರುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಇವತ್ತು ಇತಿಹಾಸದ ಮೇಷ್ಟ್ರು ಅಮೆರಿಕದ ಕಪ್ಪು ಜನರ ಹೋರಾಟದ ಪಾಠ ಮಾಡಿದರು. ಕುರ್ಚಿಗಳನ್ನು ಬಸ್ಸಿನಂತೆ ಜೋಡಿಸಿ, ಬಿಳಿಯರಿಗೆ ಸೀಟು ಬಿಡದೆ ಕೂತ ಹೆಂಗಸಿನ ಪಾತ್ರ ನನಗೆ ಕೊಟ್ಟರು. ಎಲ್ಲರೂ ಗದರಿದರೂ ನಾನು ಏಳಲಿಲ್ಲ. ಚಪ್ಪಾಳೆ ಬಿತ್ತು.

ಊಟದ ಹೊತ್ತಿಗೆ, ಚಪ್ಪಾಳೆ ತಟ್ಟಿದ ಅದೇ ಹುಡುಗಿಯರು ನನ್ನ ಬೆಂಚಿಗೆ ಬಂದು, "ಏಳೇ ಮಹಾರಾಣಿ, ನಾಟಕ ಮುಗೀತು. ಆಸ್ಪತ್ರೆ ಬಟ್ಟೆ ಒಗೆಯೋಳ ಮಗಳ ಪಕ್ಕ ಯಾರು ಕೂರ್ತಾರೆ?" ಅಂದರು. ಎದ್ದುಬಿಟ್ಟೆ. ದಿನದಂತೆ ನಲ್ಲಿಯ ಹತ್ತಿರ ನಿಂತು ತಿಂದೆ.

ನಿಂತೇ ತಿನ್ನುವಂಥದ್ದನ್ನು ಕಟ್ಟು ಎಂದು ಯಾಕೆ ಕೇಳುತ್ತಿದ್ದೆನೆಂದು ನೀನು ಎಂದೂ ವಿಚಾರಿಸಲಿಲ್ಲ. ನಾಳೆ ತಟ್ಟೆ, ಚಮಚ ಬೇಕಾಗುವ ಊಟ ಕಟ್ಟು. ತಿನ್ನಲು ಹೊತ್ತು ಹಿಡಿಯುವಂಥದ್ದು.

ನಿನ್ನ
ಪುಟ್ಟಿ